ಯಲ್ಲಪ್ಪನ ಗೋರಿಯ ಮೇಲಿನ ನಂಬರು

ಗಣಿತ ಕಲಿಸುವವನಿಗೆ ದೆವ್ವ, ಪವಾಡಗಳ ಮಾತು ಕೇಳಿದರೆ ನಗು ಬರುತ್ತದೆ. ನಾನೂ ನಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಡೆದ ಈ ಸಂಗತಿ ನೆನಪಾದಾಗಲೆಲ್ಲ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತದೆ.

ಆಗ ನಾನು ವಿಜಾಪುರದ ಜೋರಾಪುರ ಪೇಟೆಯಿಂದ ದಿನಾಲೂ ಬಸ್ಸಿನಲ್ಲಿ ತಿಕೋಟಾದ ಶಾಲೆಗೆ ಹೋಗುತ್ತಿದ್ದೆ. ಒಂದು ದಿನ ಘೋಣಸಗಿಯ ನೀಲವ್ವ ಎಂಬ ಹೆಂಗಸು ಶಾಲೆಗೇ ಬಂದಳು. ಅವಳ ಗಂಡ ಯಲ್ಲಪ್ಪ ದೊಡ್ಡ ಯುದ್ಧದಲ್ಲಿ ಬರ್ಮಾದವರೆಗೆ ಹೋಗಿ ಬಂದ ಸಿಪಾಯಿ. ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಗೆ ಬೆಂಕಿ ಬಿದ್ದು ಅವನ ದಂಡಿನ ಕಾಗದಗಳೆಲ್ಲ ಸುಟ್ಟುಹೋಗಿದ್ದವು.

"ದಂಡಿನ್ಯಾಗ ಇರಲೇ ಇಲ್ಲ, ಸೊಲ್ಲಾಪುರದ ಗಿರಣ್ಯಾಗ ಅಡಗಿ ಕುಂತಿದ್ದ ಅಂತ ಮಂದಿ ಆಡ್ಕೊಳ್ಳಾಕತ್ತಾರ್ರಿ ಮಾಸ್ತರ್ರ. ಇದ್ರು ಅಂತ ಒಂದು ಕಾಗದ ಕೊಡಸ್ರಿ," ಎಂದಳು.

ವಿಜಾಪುರದ ಮಾಜಿ ಸೈನಿಕರ ಕಚೇರಿಗೆ ನಾಲ್ಕು ಸಲ ಅಲೆದೆ. "ಯಲ್ಲಪ್ಪ ಅನ್ನಾವ್ರು ನೂರು ಮಂದಿ ಅದಾರ. ಸಿಪಾಯಿ ನಂಬರ್ ತರ್ರಿ," ಗುಮಾಸ್ತನದು ನಾಲ್ಕು ಸಲವೂ ಅದೇ ಮಾತು.

ಗೋರಿಯ ಮೇಲಾದರೂ ಏನಾದರೂ ಬರೆಸಿರಬಹುದೆಂದು ಒಂದು ರವಿವಾರ ಮಧ್ಯಾಹ್ನ ನೀಲವ್ವನೊಂದಿಗೆ ಹೋದೆ. ಹೊಲದ ಬದುವಿನಲ್ಲಿ ಕರಿಕಲ್ಲು ನಿಂತಿತ್ತು. ಧೂಳು ಒರೆಸಿದೆ. ಯಲ್ಲಪ್ಪನ ಹೆಸರು, ಅದರ ಕೆಳಗೆ ಆರು ಅಂಕಿ. ಬರೆದುಕೊಂಡು, ತಪ್ಪಾಗಬಾರದೆಂದು ಎರಡು ಸಲ ತಾಳೆ ನೋಡಿದೆ.

ಕಚೇರಿಯವರು ಆ ನಂಬರನ್ನು ಪಲ್ಟನ್ನಿಗೆ ಬರೆದು ಕೇಳಿದರು. ಆರು ತಿಂಗಳ ಮೇಲೆ ಉತ್ತರ ಬಂತು. ನಂಬರು ಸರಿಯಿತ್ತು, ಯಲ್ಲಪ್ಪ, ಜಿಲ್ಲೆ ವಿಜಾಪುರ. ನಾನು ಹಿಗ್ಗಿದೆ. ಆದರೆ ಅವನೇ ಇವನೆಂದು ಖಾತ್ರಿಯಾಗಬೇಕು, ಕಲ್ಲು ನೋಡಬೇಕು ಎಂದು ಕಚೇರಿಯ ಒಬ್ಬ ಸಾಹೇಬರು ಜೀಪಿನಲ್ಲಿ ನನ್ನ ಜೊತೆ ಬಂದರು.

ಕಲ್ಲು ನುಣ್ಣಗಿತ್ತು. ಅಕ್ಷರವಿರಲಿ, ಒಂದು ಗೀರೂ ಇರಲಿಲ್ಲ. ನಾಲ್ಕೂ ಮಗ್ಗುಲು ತಡವಿದೆ. ಸಾಹೇಬರು ನನ್ನನ್ನು ಕಳ್ಳನನ್ನು ನೋಡಿದಂತೆ ನೋಡಿ ಜೀಪು ಹತ್ತಿದರು. ಅರ್ಜಿ ಸುಳ್ಳೆಂದು ವಾಪಸು ಬಂತು.

ಯಾರೋ ಕಲ್ಲು ಬದಲಿಸಿದ್ದಾರೆಂದುಕೊಂಡು, ಅದನ್ನು ಕಡಿದುಕೊಟ್ಟ ಮುದುಕನನ್ನು ಬಬಲೇಶ್ವರದಿಂದ ಕರೆತಂದೆ. "ಇದು ನಂದ ಕಲ್ಲರೀ. ನನಗ ಓದಾಕ ಬರಿಯಾಕ ಬರೂದಿಲ್ಲ, ಏನ್ ಕೊರೀಲಿ?" ಎಂದ.

ನೀಲವ್ವನ ಮೇಲೆ ರೇಗಿದೆ. "ಅವತ್ತು ನೀನೂ ಇಲ್ಲೇ ಇದ್ದೆಲ್ಲ, ಏನೂ ಕಾಣಲಿಲ್ಲೇನು?"

"ನನಗ ಬರೇ ಕಲ್ಲ ಕಂಡಿತ್ರೀ. ನೀವು ಓದಿದಾವ್ರು ಬರಕೊಳ್ಳಾಕತ್ತಿದ್ರಿ, ಇರಬೇಕು ಅಂತ ಸುಮ್ನಿದ್ದೆ."

ಹಾಗಾದರೆ ಆ ನಂಬರು ನನಗೆ ಸಿಕ್ಕಿದ್ದಾದರೂ ಎಲ್ಲಿಂದ? ಅದನ್ನು ಕೊಟ್ಟದ್ದು ಯಾವುದೇ ಇರಲಿ, ಅರ್ಧ ದಾರಿಯಲ್ಲಿ ಹೀಗೆ ಕೈಬಿಟ್ಟದ್ದೇಕೆ? ಎಷ್ಟು ಲೆಕ್ಕ ಹಾಕಿದರೂ ಬಗೆಹರಿದಿಲ್ಲ. ಕಾಗದ ಕೊನೆಗೂ ಬರಲಿಲ್ಲ.

ಅಂದು ನೀಲವ್ವ ಮಾತ್ರ ಬೈಯಲಿಲ್ಲ. ಕಲ್ಲಿನ ಮುಂದೆ ಕೂತು, "ಅವರ ಹೆಸರು ಎಲ್ಲಿ ಇತ್ತು, ಒಂದೀಟು ತೋರಸ್ರಿ ಮಾಸ್ತರ್ರ, ಕೈಯಾದ್ರೂ ಇಡತೀನಿ," ಎಂದಳು. ತೋರಿಸಲು ಬಗ್ಗಿದೆ. ಎಲ್ಲಿ ಎಂದು ನನಗೇ ತಿಳಿಯಲಿಲ್ಲ.