ತಂತಿಗೆ ಹಬ್ಬಿಸಿದ ಅವರೆ

ನಾನು ಬಂದು ಇಳಿದ ಕಾಲೊನಿಯಲ್ಲಿ ಹಗ್ಗ ಎಂಬ ವಸ್ತುವೇ ಇರಲಿಲ್ಲ. ಬಟ್ಟೆ ಒಣಹಾಕಲು ತಂತಿ, ಎಮ್ಮೆ ಕಟ್ಟಲು ತಂತಿ, ಮುರಿದ ಗೇಟಿಗೆ ತಂತಿ. ಒಬ್ಬರ ಮನೆಯ ತೊಟ್ಟಿಲೂ ತಂತಿಯಲ್ಲೇ ತೂಗುತ್ತಿತ್ತು. ಹೊಸನಗರದ ಆಚೆ ಕಾಡು ಕಡಿದು ಕಟ್ಟಿದ, ಅಣೆಕಟ್ಟಿನ ಕೆಲಸದವರ ಕಾಲೊನಿ ಅದು. ಕೆಲಸದಲ್ಲಿ ಮಿಕ್ಕ ಅಲ್ಯೂಮಿನಿಯಂ ತಂತಿ ಸುರುಳಿ ಸುರುಳಿಯಾಗಿ ಮನೆ ಸೇರುತ್ತಿತ್ತು. ಸುತ್ತಲ ಹಳ್ಳಿಗಳಲ್ಲಿ ಚಿಮಣಿ ದೀಪ. ಇಲ್ಲಿ ಎಮ್ಮೆಯ ಕೊರಳಿಗೂ ವಿದ್ಯುತ್ತಿನ ಸಾಮಾನು. ನಾಡಿಗೆಲ್ಲ ಬೆಳಕು ಕೊಡುವವರು ತಾವೇ ಎಂದು ಎದೆ ಸೆಟೆದು ನಡೆಯುವ ಈ ಜನರ ನಡುವೆ, ಎಂಬತ್ತರ ದಶಕದ ಮೊದಲಲ್ಲಿ ನಾನು ಸಂಸಾರ ಹೂಡಿದೆ. ಗಂಡ ಅಲ್ಲಿನ ಉಗ್ರಾಣದ ಗುಮಾಸ್ತ.

ನಾನು ಹಿರಿಯೂರಿನ ಒಣಸೀಮೆಯವಳು; ನಮ್ಮೂರವರಿಗೆ ಇಲ್ಲಿನ ಮಳೆಯನ್ನು ಹೇಳಿ ನಂಬಿಸಲಾರೆ. ಅಮ್ಮ ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟಿದ್ದ ಚಪ್ಪರದವರೆ ಬೀಜದಲ್ಲಿ ಅರ್ಧವನ್ನು, ನಮ್ಮೂರಿನ ಅಂದಾಜಿನಲ್ಲೇ ಮುಂಗಾರಿಗೆ ಊರಿ ಕೊಳೆಸಿದೆ. ಅದು ಅಜ್ಜಿಯ ಕಾಲದ ತಳಿ: ಅಗಲ ಕಾಯಿ, ನೇರಳೆ ಅಂಚು, ಬೆರಳಿಗೆ ಅಂಟಿ ಸಂಜೆಯವರೆಗೂ ಬಿಡದ ಸೊಗಡು. ಹಿಂದಿನ ವರ್ಷ ಅಮ್ಮನ ಬಳ್ಳಿಗೆ ಹೇನು ಬಿದ್ದು ಬೀಜಕ್ಕೆ ಒಂದು ಕಾಯಿಯೂ ನಿಂತಿರಲಿಲ್ಲ. ಉಳಿದದ್ದೆಲ್ಲ ಆ ಗಂಟಿನಲ್ಲಿತ್ತು. "ನೀನಾದ್ರೂ ಬೀಜ ಮಾಡಿ ತಂದ್ಕೊಡವ್ವ" ಎಂದಿದ್ದಳು.

ಮಿಕ್ಕ ಬೀಜವನ್ನು ತೆಂಗಿನ ಕರಟದ ಮಣ್ಣಿನಲ್ಲಿ ಊರಿ, ಒಲೆಯ ಪಕ್ಕದ ಬೆಚ್ಚನೆಯ ಜಾಗದಲ್ಲಿಟ್ಟು ಮೊಳೆಸಿದೆ. ಮಳೆ ಹೊಳವಾಗಿ ಬಿಸಿಲು ಬಿದ್ದ ಮೇಲೆ ಹಿತ್ತಿಲಿಗೆ ನೆಟ್ಟೆ. ನಮ್ಮಲ್ಲಿ ಚಪ್ಪರವೆಂದರೆ ಜಾಲಿ ಗೂಟ, ಕತ್ತಾಳೆ ಹಗ್ಗ. ಇಲ್ಲಿ ಹಗ್ಗ ಕೇಳಿದ್ದಕ್ಕೆ ಪಕ್ಕದ ಮನೆಯ ಇಂಜಿನಿಯರ್ ನಕ್ಕರು.

"ಬಿ.ಎಸ್ಸಿ. ಓದಿದೋರು ಹಗ್ಗ ಕೇಳ್ತೀರಲ್ಲಮ್ಮ. ತಡೀರಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರೋ ತಂತಿ ಕಟ್ಕೊಡ್ತೀನಿ."

ತಾವೇ ಏಣಿ ಹತ್ತಿ, ತಂತಿಯ ಒಂದು ತುದಿಯನ್ನು ಬೇಲಿಯ ಗೂಟಕ್ಕೂ, ಇನ್ನೊಂದನ್ನು ಅವರ ಮನೆಗೆ ಕರೆಂಟು ಬರುವ ಕಬ್ಬಿಣದ ಕೊಳವೆಗೂ ಬಿಗಿದರು. ದಿನವಿಡೀ ಕರೆಂಟಿನದೇ ಮಾತಾಡುವ ಮನುಷ್ಯನಿಗೆ ಅದು ಗಂಟು ಹಾಕಲು ಸಿಕ್ಕಿದ ಗಟ್ಟಿ ಕೊಳವೆ, ಅಷ್ಟೆ.

ಬಳ್ಳಿ ಅವರ ಹೆಂಚಿನವರೆಗೂ ಹಬ್ಬಿತು. ಅವರ ಹೆಂಡತಿ ಸರೋಜಮ್ಮ ತೀರ್ಥಹಳ್ಳಿ ಕಡೆಯವರು. "ಎಂಥ ಮಾರಾಯ್ತಿ, ನಿನ್ನ ಬಳ್ಳಿ ನಮ್ಮನೆ ಮಾಡು ಹತ್ತಿ ಕೂತದೆ. ಬಾಡಿಗೆ ಕೊಡು" ಎನ್ನುತ್ತಿದ್ದರು. ಬಾಡಿಗೆಯೆಂದರೆ ಹುಳಿಗೆ ಒಂದು ಬೊಗಸೆ ಕಾಯಿ. ಆ ಕಾಲೊನಿಯಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಅವರೊಬ್ಬರ ಹತ್ತಿರ.

ದೀಪಾವಳಿ ಕಳೆದ ಮೇಲೆ, ಕಾಯಿ ತುಂಬುವ ಹೊತ್ತಿಗೆ ಮತ್ತೆ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಸರೋಜಮ್ಮ ಬರಿಗಾಲಲ್ಲಿ ಬಂದು ಕಾಯಿ ಕೊಯ್ಯುತ್ತ ಏನೋ ಹೇಳುತ್ತಿದ್ದರು. ಮಾತು ಅರ್ಧಕ್ಕೆ ನಿಂತಿತು. ಪಾತ್ರೆ ಬೆಳಗುತ್ತಿದ್ದವಳು ತಲೆಯೆತ್ತಿದೆ. ಅವರ ಕೈ ತಂತಿಯನ್ನು ಹಿಡಿದಿತ್ತು, ಬಿಡುತ್ತಿರಲಿಲ್ಲ. ಬಾಯಿ ತೆರೆದಿತ್ತು, ದನಿಯಿರಲಿಲ್ಲ. ಸುತ್ತಲಿನ ಎಲೆಗಳು ಸಣ್ಣಗೆ ನಡುಗುತ್ತಿದ್ದವು. ಆ ಎಲೆಗಳನ್ನು ಈಗಲೂ ನೋಡುತ್ತೇನೆ, ಅನ್ನ ಬಸಿಯುವಾಗ, ಬಸ್ಸಿನಲ್ಲಿ ಸುಮ್ಮನೆ ಕೂತಿರುವಾಗ.

ಕಿರುಚಿದ್ದು ನಾನೇ ಇರಬೇಕು. ಇಂಜಿನಿಯರ್ ಹೊರಗೆ ಬಂದು "ಯಾರೂ ಮುಟ್ಟಬೇಡಿ" ಎಂದರು. ಸರಿಯಾಗಿಯೇ ಹೇಳಿದರು. ಹೇಳಿ, ತಮ್ಮ ರಬ್ಬರ್ ಬೂಟು ಹುಡುಕಲು ಒಳಗೆ ಹೋದರು. ನನ್ನ ಗಂಡ ಅಡುಗೆಮನೆಯಿಂದ ಊಟದ ಮಣೆ ಎತ್ತಿಕೊಂಡು ಓಡಿ, ಸರೋಜಮ್ಮನ ಮೊಣಕೈಗೆ ಬೀಸಿ ಹೊಡೆದರು. ಕೈ ಬಿಟ್ಟಿತು, ಅವರು ಬಿದ್ದರು. ಉಸಿರಿತ್ತು. ಅಂಗೈ ಬೆಂದಿತ್ತು. ಆಗ ಇಂಜಿನಿಯರ್ ಒಂದು ಕಾಲಿಗೆ ಬೂಟು ಹಾಕಿಕೊಂಡು ಬಂದರು.

ಸಂಜೆ ಸಾಹೇಬರುಗಳೆಲ್ಲ ಸೇರಿ ಕಾರಣ ಕಂಡುಹಿಡಿದರು. ಬಳ್ಳಿಯ ಭಾರಕ್ಕೆ ತಂತಿ ಜಗ್ಗಿ, ಕೊಳವೆ ವಾಲಿ, ಒಳಗಿನ ಕರೆಂಟಿನ ತಂತಿಯ ಹೊದಿಕೆ ಸವೆದಿತ್ತಂತೆ. ಆದ್ದರಿಂದ ಕಾಲೊನಿಯ ಬಳ್ಳಿಗಳನ್ನೆಲ್ಲ ಕಡಿಯಬೇಕು. ಹೀಗೆ ತೀರ್ಮಾನಿಸಿದವರೆಲ್ಲ ಪದವೀಧರರು. ತಂತಿಯ ವಿಷಯ ಒಬ್ಬರೂ ಎತ್ತಲಿಲ್ಲ. ಅವರವರ ಜಗಲಿಗಳಲ್ಲಿ ಅಂಥದೇ ತಂತಿಯ ಮೇಲೆ ಪ್ಯಾಂಟುಗಳು ಒಣಗುತ್ತಿದ್ದವು.

ಒಂದು ವಾರಕ್ಕೆ ಇಂಜಿನಿಯರ್ ಕತ್ತಿ ಹಿಡಿದು ಹಿತ್ತಿಲಿಗೆ ಬಂದರು. ಕಾಯಿ ಇನ್ನೂ ಹಸಿ. ಈಗ ಕಡಿದರೆ ಬೀಜವಿಲ್ಲ, ಅಮ್ಮನ ತಳಿ ಅಲ್ಲಿಗೆ ಮುಗಿಯಿತು. ಕಾಯಿ ಒಣಗುವವರೆಗೆ ಬಿಡಿ ಎಂದು ಬೇಡಿಕೊಂಡೆ. "ಜೀವ ಮುಖ್ಯಾನೋ, ಅವರೆಕಾಯಿ ಮುಖ್ಯಾನೋ?" ಎಂದು ನನಗೇ ಪಾಠ ಹೇಳಿದರು.

ಆಸ್ಪತ್ರೆಯಿಂದ ಆಗಲೇ ಮನೆಗೆ ಬಂದಿದ್ದ ಸರೋಜಮ್ಮ, ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಹೊರಗೆ ಬಂದು ಬಳ್ಳಿಯ ಬುಡದಲ್ಲಿ ನಿಂತರು.

"ಬೆಂದಿದ್ದು ನನ್ನ ಕೈ. ನಂಗೇ ಬಳ್ಳಿ ಮೇಲೆ ಸಿಟ್ಟಿಲ್ಲ, ನಿಮಗೆಂತಕ್ಕೆ? ಮೊದಲು ಆ ದರಿದ್ರ ತಂತಿ ಬಿಚ್ಚಿ. ಎರಡೂ ಬೂಟು ಹಾಕ್ಕಂಡು ಬಿಚ್ಚಿ."

ಬಿಚ್ಚಿದರು. ಬಿದಿರು ನೆಟ್ಟು, ಬಾಳೆಯ ನಾರಿನಲ್ಲಿ ಬಳ್ಳಿಯನ್ನು ಎತ್ತಿ ಕಟ್ಟಿದೆವು. ಕಾಯಿ ಗಲಗಲ ಎನ್ನುವಷ್ಟು ಒಣಗಿತು. ಬೀಜಕ್ಕೆ ಬೂದಿ ಸವರಿ ನಮ್ಮೂರಿಗೆ ಒಯ್ದೆ.

ಮರುವರ್ಷ ಹೋದಾಗ ಅಮ್ಮನ ಚಪ್ಪರ ತುಂಬಿತ್ತು. ಒಂದು ಕಾಯಿ ಮುರಿದು ಮೂಸಿ, "ಸೊಗಡು ಒಂಚೂರು ಕಮ್ಮಿ ಕಣೆ. ನಿಮ್ಮೂರ ನೀರು" ಎಂದಳು. ನಿಮ್ಮೂರು ಎಂದರೆ ಆ ಕಾಲೊನಿ. ಅಲ್ಲಿಯವರು ಇದೇ ಕಾಯಿಯನ್ನು ಬಯಲುಸೀಮೆ ಅವರೆ ಎನ್ನುತ್ತಾರೆ.

ಅಮ್ಮನ ಚಪ್ಪರಕ್ಕೆ ಇರುವುದು ಕತ್ತಾಳೆ ಹಗ್ಗ. ಆ ಹೊಲದ ಹತ್ತಿರ ಕರೆಂಟಿನ ಕಂಬವೂ ಇಲ್ಲ. ಆದರೂ ಕೊಯ್ಯುವ ಮೊದಲು ನನ್ನ ಕೈ, ಆ ಬೆಳಿಗ್ಗೆಯ ನಂತರ ಯಾವ ತಂತಿ ಮುಟ್ಟುವಾಗಲೂ ಮಾಡುವಂತೆ, ತಾನಾಗಿ ತಿರುಗಿ, ಬೆರಳ ಹಿಂಬದಿಯಿಂದ ಹಗ್ಗವನ್ನು ತಟ್ಟಿ ನೋಡಿತು.

"ಅದೇನೇ, ಕಾದ ಹಂಚು ಮುಟ್ದಂಗೆ ಮುಟ್ತೀಯ?" ಎಂದಳು ಅಮ್ಮ.

"ಎಂಥದ್ದೂ ಇಲ್ಲ ಮಾರಾಯ್ತಿ" ಎಂದೆ.

ಅಮ್ಮ ಕೊಯ್ಯುವುದನ್ನು ನಿಲ್ಲಿಸಿ, ಯಾರೋ ಹೊಸಬಳನ್ನು ನೋಡುವಂತೆ ನನ್ನ ಮುಖ ನೋಡಿದಳು.