ಎರಡನೇ ರಿಮೋಟು

ಗುತ್ತಲು ರಸ್ತೆಯಲ್ಲಿ ನಿಶಾತ್‌ಳ ರಿಪೇರಿ ಅಂಗಡಿ ಎಂದರೆ ಎಲ್ಲರಿಗೂ ಗೊತ್ತು. ಟೀವಿ ಮೆಕ್ಯಾನಿಕ್ಕಾಗಿದ್ದ ಅಪ್ಪ ನಯಾಜ್ ಪಾಷಾ ತೀರಿಕೊಂಡ ಮೇಲೆ ಅವಳೇ ಅದನ್ನು ಉಳಿಸಿಕೊಂಡಳು. "ಎಂಗ್ಸು ಬಿಚ್ಚಿದ್ದು ಮತ್ತೆ ಸೇರ್ಕತ್ತದಾ" ಎಂದವರೇ ಈಗ ಮಿಕ್ಸಿ, ಮೊಬೈಲು ಹಿಡಿದು ಕಾಯುತ್ತಾರೆ.

ಆ ದಿನ ಬಂದವಳು ಬಾಲ್ಯದ ಗೆಳತಿ ಅರ್ಪಿತ. ಮಳವಳ್ಳಿಗೆ ಮದುವೆಯಾಗಿ ಹೋದವಳು, ಆರು ವರ್ಷದ ಮಗಳು ಅಮೃತಳ ಹಟಕ್ಕೆ ತವರಿನ ಅಟ್ಟದಿಂದ ಹಳೆಯ ಟೀವಿ ಗೇಮು ಇಳಿಸಿದ್ದಳು. ಟೆನಿಸ್ ಕ್ಯಾಸೆಟ್ಟು ಹಾಕಿದರೆ ಪರದೆಯ ಮೇಲೆ ಬರೀ ಬೂದುಬಣ್ಣ. ಮೇಜಿನ ಮೇಲೆ ಗೇಮನ್ನೂ ಒಂದು ರಿಮೋಟನ್ನೂ ಇಟ್ಟಳು.

"ಇನ್ನೊಂದೆಲ್ಲಮ್ಮಿ? ಟೆನಿಸ್ಸು ಒಬ್ಳೇ ಆಡೀಯಾ?"

"ಇರ್ಲಿ ಬುಡು, ಅದ್ಯಾಕೆ."

"ಅಮ್ಮ ಬ್ಯಾಡ ಅಂತು ಆಂಟಿ, ನಾನೇ ಚೀಲಕ್ಕೆ ಆಕ್ಕಂಡೆ" ಎಂದು ಅಮೃತ ಎರಡನೇ ರಿಮೋಟನ್ನು ಎಳೆದುಕೊಟ್ಟಳು. ನಿಶಾತ್ ಬಟನ್ನು ಒತ್ತಿ ನೋಡಿ, ಅದು ಸರಿಯಾಗಿ ಕೂರದ್ದಕ್ಕೆ ಆ ರಿಮೋಟಿನ ಸ್ಕ್ರೂ ಬಿಚ್ಚತೊಡಗಿದಳು. ಅರ್ಪಿತ ತಡೆಯಲು ಕೈ ಚಾಚಿ ಹಿಂದಕ್ಕೆಳೆದುಕೊಂಡಳು.

ಚಿಕ್ಕವರಿದ್ದಾಗ, ಗೇಮು ಯಾರ ಮನೆಯದೋ ಅವರಿಗೆ ಒಂದನೇ ರಿಮೋಟು, ಆಡಲು ಬಂದವರಿಗೆ ಎರಡನೆಯದು. ಸೋತವರು ಕಾರ್ಖಾನೆಗೆ ಹೋಗುವ ಟ್ರಾಕ್ಟರಿನ ಹಿಂದೆ ಓಡಿ ಕಬ್ಬಿನ ಜಲ್ಲೆ ಕಿತ್ತು ತರಬೇಕು. ಅವರ ಬೀದಿಯ ಕಾನೂನು ಅದು. ನಿಶಾತ್ ಮೂರು ದಿನ ಒಂದೇ ಸಮ ಗೆದ್ದಳು. ಹನ್ನೊಂದು ವರ್ಷದ ಅರ್ಪಿತಳಿಗೆ ತಡೆಯಲಾಗಲಿಲ್ಲ. ಎರಡನೇ ರಿಮೋಟು ಬಿಚ್ಚಿ, ಚೆಂಡು ಹೊಡೆಯುವ ಬಟನ್ನಿನ ಕೆಳಗೆ ಗಾಯಕ್ಕೆ ಹಾಕುವ ಪ್ಲಾಸ್ಟರಿನ ಚೂರು ಅಂಟಿಸಿಬಿಟ್ಟಳು. ಆಮೇಲೆ ನಿಶಾತ್ ಎಷ್ಟು ಒತ್ತಿದರೂ ಮೂರಕ್ಕೊಂದು ಸಲ ಬ್ಯಾಟು ಬೀಸುತ್ತಲೇ ಇರಲಿಲ್ಲ. ದಿನವೂ ಸೋತಳು, ದಿನವೂ ಓಡಿದಳು. ಒಂದು ಸಂಜೆ ಬಿದ್ದು ಗದ್ದಕ್ಕೆ ಐದು ಹೊಲಿಗೆ ಬಿತ್ತು. ತಾಯಿ ಜಾನ್ ಬೀ ಹೊಡೆದು, ಅರ್ಪಿತಳ ಮನೆಗೆ ಕಳಿಸುವುದನ್ನೇ ನಿಲ್ಲಿಸಿದರು. ಅರ್ಪಿತ ಬಾಯಿ ಬಿಡಲಿಲ್ಲ.

ನಿಶಾತ್ ಚಿಮಟದಲ್ಲಿ ಹಳದಿಗಟ್ಟಿದ ಚೂರನ್ನು ಎತ್ತಿ ಹಿಡಿದಳು. ಅವಳ ಮುಖ ಸಪ್ಪಗಾಯಿತು.

"ಒಂದ್ಸಲ ನಿಮ್ಮಪ್ಪ ಇದ್ನ ನಮ್ಮ ಅಬ್ಬಾ ಅತ್ರ ತಂದಿದ್ರು. ಆತ್ರದಲ್ಲಿ ಅಬ್ಬಾನೇ ಏನೋ ಅಂಟಿಸಿ ಮರ್ತವ್ರೆ. ತಪ್ಪು ತಿಳ್ಕಬ್ಯಾಡ ಕಣಮ್ಮಿ, ಇಂಥ ಕೆಲ್ಸ ಮಾಡೋರಲ್ಲ ಅವ್ರು."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಸತ್ತವರು ಬಂದು ಅಲ್ಲ ಅನ್ನುತ್ತಾರೆಯೇ?

"ಅವ್ರಲ್ಲ ಕಣೆ. ನಾನು."

"ಏನ್ ನೀನು?"

"ಅಂಟಿಸ್ದೋಳು. ನೀನು ಸೋಲ್ಲಿ ಅಂತ."

ನಿಶಾತ್ ಚಿಮಟ ಕೆಳಗಿಟ್ಟಳು. ಬೈದಿದ್ದರೆ ಅರ್ಪಿತಳಿಗೆ ಹಗುರವಾಗುತ್ತಿತ್ತು.

"ನನ್ ಕೈಯೇ ಚುರ್ಕಿಲ್ಲ ಅಂದ್ಕಂಡಿದ್ದೆ ನಾನು" ಎಂದಳು ಮೆಲ್ಲಗೆ. "ಅಬ್ಬಾ ಕೆಲ್ಸ ಕಲ್ಸ್ತೀನಿ ಬಾ ಅಂದ್ರೂ ಎಷ್ಟ್ ವರ್ಸ ಸ್ಕ್ರೂಡ್ರೈವರ್ ಮುಟ್ನಿಲ್ಲ ಗೊತ್ತಾ? ಸಾಮಾನ್ ಆಳ್ ಮಾಡ್ಬುಟ್ಟೇನು ಅಂತ."

ಅರ್ಪಿತಳಿಗೆ ಗೊತ್ತಿದ್ದದ್ದು ಐದು ಹೊಲಿಗೆ ಮಾತ್ರ. ಇದು ಗೊತ್ತಿರಲಿಲ್ಲ.

"ಅಮ್ಮ, ನೀನು ಮೋಸ ಮಾಡಿದ್ಯಾ?" ಅಮೃತ ಸೆರಗು ಜಗ್ಗಿದಳು.

"ಆಗ ನಿಮ್ಮಮ್ಮನೂ ನಿನ್ನಂಗೇ ಚಿಕ್ಕೋಳು ಕಣವ್ವ" ಎಂದಳು ನಿಶಾತ್.

"ಇಲ್ಲ ಮಗ" ಎಂದಳು ಅರ್ಪಿತ, ಮಗಳ ಕಡೆ ನೋಡಲಾಗದೆ. "ನಿನಗಿಂತ ದೊಡ್ಡೋಳಿದ್ದೆ. ತಪ್ಪು ಅಂತ ಗೊತ್ತಿತ್ತು ನಂಗೆ."