ಬಣ್ಣದಡಿಯ ಐದು ಬೊಟ್ಟು

ದೆವ್ವ, ಶಕುನ, ಸತ್ತವರ ಸನ್ನೆ ಎಂದು ಯಾರಾದರೂ ಶುರುಮಾಡಿದರೆ, “ಕಾಗಕ್ಕ ಗುಬ್ಬಕ್ಕನ ಕಥೆ ಸಾಕು, ಕಾಫಿ ಆರಿಹೋಗುತ್ತೆ” ಎನ್ನುತ್ತಿದ್ದವಳು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ನೀವು ನಕ್ಕರೂ ಬೇಸರವಿಲ್ಲ.

ಹೂಸ್ಟನ್ನಿನಲ್ಲಿ ಹಳೆಯ ಕಟ್ಟಡಗಳನ್ನು ಪರೀಕ್ಷಿಸಿ ವರದಿ ಕೊಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ, ಅಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ನಾನು ಅತ್ತಿರಲಿಲ್ಲ. ಬೆಳಿಗ್ಗೆ ನಾನಿದ್ದ ಕೇಟಿ ಎಂಬ ಹೊರವಲಯದ ಊರಿಂದ ಡ್ರೈವ್ ಮಾಡುವುದು, ಸಂಜೆ ವಾಪಸ್ಸು ಬಂದು ಬ್ರೆಡ್ ತಿಂದು ಮಲಗುವುದು, ಅಷ್ಟೇ. ಅಡುಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಒಳಗೆಲ್ಲ ಮರಗಟ್ಟಿತ್ತು.

ಆಗ ಹತ್ತೊಂಬತ್ತನೇ ಶತಮಾನದ ಒಂದು ಅಪಾರ್ಟ್‌ಮೆಂಟ್ ಕಟ್ಟಡದ ಕೆಲಸ ಬಂತು. ಸಂರಕ್ಷಿತ ಕಟ್ಟಡ, ಮೂಲದ್ದು ಎಂದಾದರೆ ಒಂದು ಮೊಳೆಯನ್ನೂ ಕೀಳುವಂತಿಲ್ಲ. ನೆಲಮಹಡಿಯಲ್ಲಿದ್ದ ರೂತ್ ಎಂಬ ವೃದ್ಧೆ ಗಾಲಿಕುರ್ಚಿಯಲ್ಲಿದ್ದರು. ತಮ್ಮ ಬಾಗಿಲಿಗಿದ್ದ ಎತ್ತರದ ಮರದ ಹೊಸಿಲು ದಾಟಲಾಗದೆ ತಿಂಗಳುಗಟ್ಟಲೆ ಹೊರಗೆ ಬಂದಿರಲಿಲ್ಲ. ಆ ಹೊಸಿಲು ಆಮೇಲೆ ಸೇರಿಸಿದ್ದೆಂದು ನಾನು ಬರೆದರೆ ತೆಗೆಸಬಹುದಿತ್ತು. “ಎಲ್ಲ ನಿನ್ನ ಕೈಯಲ್ಲಿದೆ, ಮಗು” ಎಂದರು.

ಬಣ್ಣದ ಪದರಗಳನ್ನು ಕೆರೆದು ನೋಡುವುದು ನಮ್ಮ ಪದ್ಧತಿ. ಹೊಸಿಲಿನ ಪದರಗಳು ಬಾಗಿಲ ಚೌಕಟ್ಟಿನ ಪದರಗಳಿಗೆ ಹೊಂದಿದರೆ ಅದು ಮೂಲದ್ದು. ಮಧ್ಯಾಹ್ನ ನೆಲದ ಮೇಲೆ ಕುಳಿತು ಬಿಳಿ, ಹಸಿರು, ಕಂದು ಕೆರೆದೆ. ಎಲ್ಲ ಹೊಂದಿತು. ಕಂದು ಬಣ್ಣದ ಕೆಳಗೆ, ಬರೀ ಮರದ ಮೇಲೆ, ಅರಿಶಿನವಿತ್ತು. ಅದರ ಮೇಲೆ ಐದು ಕುಂಕುಮದ ಬೊಟ್ಟು. ಪ್ರತಿ ಬೊಟ್ಟಿನ ಪಕ್ಕದಲ್ಲೂ ಉಗುರಿನ ಸಣ್ಣ ಗೀರು.

ಅಮ್ಮನ ಉಂಗುರಬೆರಳು ಸೊಟ್ಟಗಾಗಿತ್ತು. ಕೇಟಿಯ ಮನೆಯ ಅಲ್ಯೂಮಿನಿಯಂ ಹೊಸಿಲಿಗೆ ಶುಕ್ರವಾರ ಅವಳು ಬೊಟ್ಟಿಟ್ಟರೆ ಪಕ್ಕದಲ್ಲಿ ಹೀಗೇ ಗೀರು ಬೀಳುತ್ತಿತ್ತು. ಕೊನೆಗೆ ಅವಳೂ ಗಾಲಿಕುರ್ಚಿ ಹಿಡಿದಳು. “ಪೂಜೆ ಮಾಡಿದ ಹೊಸಿಲ ಮೇಲೆ ಚಕ್ರ ಹತ್ತಿಸ್ತೀಯೇನೆ? ನಾ ಬರಲ್ಲ, ಹೋಗೇ!” ಎಂದು ಹಟ ಹಿಡಿದು ಹೊರಗೆ ಬರುವುದನ್ನೇ ಬಿಟ್ಟಳು. “ತಗಡಿನ ಪಟ್ಟಿ ಅಮ್ಮ ಅದು!” ಎಂದು ರೇಗಿದ್ದೆ. ಅವಳು ಬಿಸಿಲು ಕಾಣದೆಯೇ ಹೋದಳು.

ಕೆರೆದ ಪುಡಿಯನ್ನು ಲ್ಯಾಬಿಗೆ ಕಳಿಸಿದೆ. ಅರಿಶಿನ, ಸುಣ್ಣ ಎಂದು ಉತ್ತರ ಬಂತು. ಕುಂಕುಮ ಮಾಡುವುದು ಅವೆರಡರಿಂದಲೇ. ನನ್ನ ಕೈಯಿಂದಲೇ ತಗುಲಿತೆನ್ನೋಣವೆಂದರೆ, ನೂರು ವರ್ಷಕ್ಕೂ ಹಳೆಯ ಬಣ್ಣದ ಕೆಳಗೆ ಅದು ಹೇಗೆ ಹೋದೀತು?

ವರದಿಯಲ್ಲಿ ‘ಆಮೇಲೆ ಸೇರಿಸಿದ್ದು’ ಎಂದು ಬರೆದೆ. ನನ್ನ ವೃತ್ತಿಯಲ್ಲಿ ನಾನು ಬರೆದ ಒಂದೇ ಸುಳ್ಳು ಅದು.

ಹೊಸಿಲು ಕಿತ್ತ ದಿನ ರೂತ್ ತಾವೇ ಚಕ್ರ ತಿರುಗಿಸಿಕೊಂಡು ಬೀದಿಗೆ ಬಂದು ಬಿಸಿಲಿಗೆ ಮುಖವೊಡ್ಡಿ ಕುಳಿತರು. ಆಗಲೂ ನನಗೆ ಅಳು ಬರಲಿಲ್ಲ. ಆ ಬೊಟ್ಟು ಅಮ್ಮನದೇ ಆಗಿದ್ದರೆ, ಹೊಸಿಲು ಮುಟ್ಟಬೇಡವೆಂದು ಇಟ್ಟಳೋ, ಇವರನ್ನಾದರೂ ಹೊರಗೆ ಕರೆದುಕೊಂಡು ಬಾ ಎಂದು ಇಟ್ಟಳೋ, ನನಗೆ ಇವತ್ತಿಗೂ ಗೊತ್ತಿಲ್ಲ.